ಕಳೆದ ವರ್ಷಕ್ಕಿಂತ ಒಂದು ಅಂಕ

ಯಾರಿಗೂ ಹೇಳದೆ ಬರಬೇಕೆಂಬುದು ನಿಯಮ.
ಹೇಳದೆಯೇ ಬಂದೆ. ಜುಲೈ, ಮಂಗಳವಾರ, ತುಂತುರು.
ಚರ್ಚಿನ ಗೋಡೆಯ ಮಗ್ಗುಲಿಗೆ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ
ಕ್ಲೂನಫಿನ್ನಿಗೆಲ್ಲ ಗೊತ್ತಾಗಿಹೋಗಿತ್ತು:
ಐರ್ಲೆಂಡಿನ ಈ ಮೂಲೆಯಲ್ಲಿ
ಸುಮ್ಮನೆ ಇಳಿಯುವವರು ಯಾರಿದ್ದಾರೆ?

ಒಂದು ಬೀದಿ. ಎರಡು ಪಬ್ಬು, ಒಂದಕ್ಕೆ ಬೀಗ.
ನೂರಾ ಹನ್ನೊಂದು ಜನ.
ನಡುವೆ ಒಂದು ಕೈಪಂಪು,
ಎಂದೋ ನೀರು ನಿಂತದ್ದು, ಈಗಷ್ಟೇ ಬಣ್ಣ ಕಂಡದ್ದು.
ಮುಟ್ಟಿದೆ. ಬೆರಳಿಗೆ ಅಂಟಿತು.
ದಿನವಿಡೀ ಆ ಹಸಿರು ಬೆರಳನ್ನು
ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡೇ ತಿರುಗಿದೆ,
ಕದ್ದವನ ಹಾಗೆ.

ಹೆಣ್ಣು ನೋಡಲು ಬಂದವರೆದುರು ಮನೆಗೆ ಮನೆಯೇ
ಏನೂ ನಡೆದಿಲ್ಲವೆಂಬಂತೆ ಇರುತ್ತದಲ್ಲ,
ಹಾಗಿತ್ತು ಊರು.
ಮ್ಯಾಲಕಿ ಗೆರಾಟಿ ಕತ್ತರಿಸಿದ ಬೇಲಿಯನ್ನೇ ಮತ್ತೆ ಕತ್ತರಿಸುತ್ತಿದ್ದ;
ಕತ್ತರಿಗೆ ಸಿಕ್ಕಿದ್ದು ಬರೀ ಗಾಳಿ.
ಕಾಲೆತ್ತಬೇಕೆಂದಿದ್ದ ನಾಯಿಯೊಂದು
ನನ್ನನ್ನು ನೋಡಿ ಯೋಚನೆಗೆ ಬಿತ್ತು.
(ಉತ್ಪ್ರೇಕ್ಷೆ. ವರದಿಯಲ್ಲಿ ಬರೆಯಲಿಲ್ಲ.)

ಅಂಚೆ ಕಚೇರಿಯಲ್ಲಿ ಡಿಂಪ್ನಾ ಹಾರ್ಟ್
ಸ್ಟ್ಯಾಂಪಿನ ಜೊತೆ ಬಿಸಿ ಸ್ಕೋನ್ ಒಂದನ್ನು ಮುಂದಕ್ಕೆ ನೂಕಿ
ನಾಲಿಗೆ ಕಚ್ಚಿಕೊಂಡು ಹಿಂದಕ್ಕೆಳೆದುಕೊಂಡಳು.
"ಈಗ ಬೇಡ, ಬೆಣ್ಣೆ ಹಚ್ಚಿದಳು ಅಂದಾರು.
ಫಲಿತಾಂಶ ಬಂದ ಮೇಲೆ ಬನ್ನಿ.
ಸೋತರೂ ಬನ್ನಿ."

ಕಸ: ಹತ್ತಕ್ಕೆ ಒಂಬತ್ತು.
ಹೂ: ಜಿರೇನಿಯಂ ಅತಿಯಾಯಿತು, ಇರಲಿ, ಎಂಟು.
ಸೂರಿನ ದೋಣಿ: ಎಲ್ಲ ಮನೆಯದೂ ಸ್ವಚ್ಛ.
(ನನ್ನ ಮನೆಯ ದೋಣಿಯಲ್ಲಿ ಒಂದು ಮರದ ಸಸಿ
ಎರಡು ಮಳೆಗಾಲ ದಾಟಿ ನಿಂತಿದೆ.
ನನಗೆ ಅಂಕ ಹಾಕುವವರಿಲ್ಲ.)

ಸೇತುವೆಯ ಬಳಿ ಎದೆಮಟ್ಟ ತುರಚೆ ಗಿಡ.
ಪೆನ್ಸಿಲ್ ಎತ್ತಿದೆ.
ಸೈಕಲ್ಲಿನಿಂದ ಇಳಿಯದೆಯೇ ಹುಡುಗಿಯೊಬ್ಬಳು,
ಎಂಟು ಒಂಬತ್ತರ ಪ್ರಾಯ,
"ಅದು ಕೊಳಕಲ್ಲ, ಕಂಬಳಿಹುಳದ ಮನೆ" ಅಂದಳು.
ಎಲೆ ತಿರುವಿದೆ. ಕಪ್ಪು, ಮುಳ್ಳು, ಗಿಜಿಗಿಜಿ.
ಬೆರಳು ಉರಿಯಿತು.
ಪೆನ್ಸಿಲ್ ಇಳಿಸಿದೆ.

ಆಮೇಲೆ ಶಾಲೆ.
ಮುಚ್ಚಿ ಮೂರು ವರ್ಷ. ಕಡೆಗೆ ನಾಲ್ಕೇ ಮಕ್ಕಳಂತೆ,
ಮೂವರು ಒಂದೇ ಮನೆಯವರು;
ಆ ಮನೆ ಸ್ಲೈಗೋ ಪೇಟೆಗೆ ಹೋಯಿತು.
ನಾಲ್ಕನೆಯವಳು ಯಾರೆಂದು ಕೇಳಲಿಲ್ಲ,
ಹಿಂದೆ ಸೈಕಲ್ ಚಕ್ರ ಟಿಕಿಟಿಕಿ ಅನ್ನುತ್ತಿತ್ತು.

ಕಿಟಕಿಗಳಿಗೆ ಹಲಗೆ ಹೊಡೆದು
ಹಲಗೆಯ ಮೇಲೆ ಕಿಟಕಿಗಳನ್ನೇ ಬರೆದಿದ್ದಾರೆ:
ಲೇಸಿನ ಪರದೆ, ಹೂಜಿ,
ಒಳಗೆ ದೀಪ ಹಚ್ಚಿದಂತೆ ಹಳದಿ,
ಕಟ್ಟೆಯ ಮೇಲೊಂದು ಕಂದು ಬೆಕ್ಕು,
ಅದರ ಒಂದು ಕಿವಿ ದೊಡ್ಡದು.
ಹೊರಗೆ ಥಳಕು, ಒಳಗೆ ಹುಳುಕು
ಎಂದು ಬರೆದುಬಿಡುವುದು ಸುಲಭ.
ಹಲಗೆ ಸೀಳಿದಲ್ಲಿ ಕಣ್ಣಿಟ್ಟೆ.

ಕೋಟು ನೇತುಹಾಕುವ ಗೂಟಗಳು,
ನನ್ನ ಸೊಂಟದ ಎತ್ತರಕ್ಕೆ, ಸಾಲಾಗಿ.
ಪ್ರತಿ ಗೂಟದ ಕೆಳಗೂ ಹೆಸರು.
ಮೂಲೆಯಲ್ಲಿ ಪೊರಕೆ, ತಲೆಕೆಳಗಾಗಿ, ಒಣಗಲೆಂದು ಇಟ್ಟದ್ದು.
ನೆಲದ ಮೇಲೆ ಧೂಳಿಲ್ಲ.
ಯಾರೋ ಒಳಗೂ ಗುಡಿಸುತ್ತಾರೆ,
ಯಾವ ತೀರ್ಪುಗಾರನೂ ನೋಡದ ಕಡೆ,
ಮುಂದಿನ ಸೋಮವಾರ ಗಂಟೆ ಹೊಡೆಯುವುದಿದೆ ಎಂಬಂತೆ.

ಕಟ್ಟಡದ ಒಳಭಾಗವನ್ನು ಎಣಿಸುವಂತಿಲ್ಲ.
ನಿಯಮ ನಾಲ್ಕು. ನಾನೇ ಕೂತು ತಿದ್ದಿದ್ದು.
ತುಂಬ ಹೊತ್ತು ಕಾರಿನಲ್ಲಿ ಕೂತಿದ್ದೆ,
ಗಾಜು ಉಸಿರಿಗೆ ಮಬ್ಬಾಯಿತು.

ಒಟ್ಟು: ನೂರಕ್ಕೆ ಅರವತ್ತೆರಡು.
ಕಳೆದ ವರ್ಷ ಅರವತ್ತೊಂದು.
ಹೆಚ್ಚಿನ ಅಂಕ ಯಾವುದಕ್ಕೆಂದು ಯಾರಾದರೂ ಕೇಳಿದರೆ
ಬೆಕ್ಕಿನ ಕಿವಿಗೆ ಅನ್ನುತ್ತೇನೆ.

ಶಿಫಾರಸುಗಳು:
ಜಿರೇನಿಯಂ ಕಡಿಮೆ ಮಾಡಿ.
ತುರಚೆ ಇರಲಿ.
ಪಂಪಿಗೆ ದಯವಿಟ್ಟು
ಎರಡು ದಿನ ಮೊದಲೇ ಬಣ್ಣ ಹಚ್ಚಿ.